ನೋಡು, ಕೂಗು, ಬರೆ

ಮೊದಲು ಬೂಟಿನ ವಿಷಯ, ಮಗಾ. ಸೆಕ್ಯೂರಿಟಿ ಏಜೆನ್ಸಿಯವರು ಯೂನಿಫಾರ್ಮ್ ಜೊತೆ ಬೂಟೂ ಕೊಡ್ತಾರೆ, ಅದರ ದುಡ್ಡನ್ನ ಮೊದಲ ಸಂಬಳದಲ್ಲೇ ಮುರ್ಕೋತಾರೆ. ಅಟ್ಟೆ ಗಟ್ಟಿ, ಒಳಗೆ ಮೆತ್ತೆ ಇಲ್ಲ, ಅಳತೆ ಸಿಕ್ಕಿದ್ದು ಸಿಕ್ಕ ಹಾಗೆ. ಅದನ್ನ ಹಾಕ್ಕೊಂಡು ಕಾಂಕ್ರೀಟಿನ ಮೇಲೆ ಹನ್ನೆರಡು ಗಂಟೆ ನಿಂತವನಿಗೆ ಕೆಲವೇ ತಿಂಗಳಲ್ಲಿ ಹಿಮ್ಮಡಿ ನೋವು ಹಿಡಿಯುತ್ತೆ. ಎದ್ದು ಮೊದಲ ಹೆಜ್ಜೆ ಇಡುವಾಗ ಜೀವ ಹೋಗುತ್ತೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಕಡಿಮೆ, ಪಾಳಿ ಮುಗಿಯೋ ಹೊತ್ತಿಗೆ ಮತ್ತೆ ಶುರು. ಇನ್ನು ಕೆಲವರಿಗೆ ಮೀನಖಂಡದಲ್ಲಿ ನರ ಉಬ್ಬಿ, ನೀಲಿಯಾಗಿ ಗಂಟು ಕಟ್ಟುತ್ತೆ. ಡಾಕ್ಟರು ವೆರಿಕೋಸ್ ಅಂತಾರೆ. ಇದನ್ನೆಲ್ಲ ವಯಸ್ಸಾದವರ ಕಾಯಿಲೆ ಅಂದ್ಕೋಬೇಡ. ಇಪ್ಪತ್ತೈದು ದಾಟದ ಹುಡುಗರ ಕಾಲಲ್ಲಿ ನಾನು ನೋಡಿದ್ದೀನಿ.

ನಿನ್ನ ದುಡ್ಡಲ್ಲೇ ಒಂದು ಜೊತೆ ಒಳ್ಳೇ ಬೂಟು ತಗೋ. ಸಂಜೆ ಹೊತ್ತು ಹೋಗಿ ತಗೋ, ಯಾಕಂದ್ರೆ ನಿಂತು ನಿಂತು ಕಾಲು ಆಗ ಊದಿಕೊಂಡಿರುತ್ತೆ, ಬೆಳಿಗ್ಗೆ ಸರಿಹೋದ ಅಳತೆ ರಾತ್ರಿಗೆ ಬಿಗಿಯುತ್ತೆ. ಬಣ್ಣ ಕಪ್ಪಿದ್ದರೆ ಸಾಕು, ಯಾವ ಫೀಲ್ಡ್ ಆಫೀಸರೂ ಬಗ್ಗಿ ನೋಡಲ್ಲ. ಗಂಟೆಗೊಮ್ಮೆ ಐದು ನಿಮಿಷ ನಡೆ. ನಡೆಯೋಕೆ ಜಾಗ ಇಲ್ಲದಿದ್ದರೆ ನಿಂತಲ್ಲೇ ಹಿಮ್ಮಡಿ ಎತ್ತು, ಇಳಿಸು. ರೂಮಿಗೆ ಹೋದ ಮೇಲೆ ಮಲಗಿ ಕಾಲನ್ನ ಗೋಡೆಗೆ ಮೇಲ್ಮುಖವಾಗಿ ಆನಿಸಿ ಹತ್ತು ನಿಮಿಷ ಇಡು.

ಕುರ್ಚಿ ಕೇಳೋದಕ್ಕೂ ನಾಚಬೇಡ. ಗಾರ್ಡ್ ಕೂತರೆ ನಿದ್ದೆ ಮಾಡ್ತಾನೆ ಅಂತ ಇರೋ ಕುರ್ಚಿಯನ್ನೂ ತೆಗೆಸೋ ಕಮಿಟಿಗಳು ಆರ್.ಟಿ. ನಗರದಿಂದ ಜಕ್ಕೂರಿನ ತನಕ ಎಲ್ಲ ಕಡೆ ಇವೆ. ಕೂತವನು ನಿದ್ದೆ ಮಾಡೋದು ಕೂತದ್ದರಿಂದ ಅಲ್ಲ, ಹಿಂದಿನ ರಾತ್ರಿಯೂ ಅವನನ್ನ ನಿಲ್ಲಿಸಿದ್ದರಿಂದ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ, ಅಂಗಡಿಗಳಲ್ಲಿ ನಿಂತು ದುಡಿಯೋರಿಗೆ ಕೂರೋ ಹಕ್ಕು ಅಂತ ಕಾನೂನೇ ಮಾಡಿದರು. ಜವಳಿ ಅಂಗಡಿಯ ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದ್ದಕ್ಕೆ ಕೇರಳದಲ್ಲಿ ಅದು ಬಂತು. ಹಕ್ಕಿನ ಮಾತು ಬೇಡ ಅನ್ನಿಸಿದರೆ ಬೇರೆ ದಾರಿ ಹಿಡಿ. ಎರಡು ಗಂಟೆ ಗೇಟು, ಎರಡು ಗಂಟೆ ರೌಂಡ್ಸು, ಒಂದು ಗಂಟೆ ಸಿಸಿಟಿವಿ ಮುಂದೆ ಅಂತ ಪಾಯಿಂಟ್ ಬದಲಾಯಿಸಿಕೊಳ್ಳೋ ಹಾಗೆ ಸೂಪರ್‌ವೈಸರ್ ಹತ್ತಿರ ಮಾತಾಡು. ಅವನಿಗೂ ಅದರಿಂದ ಲಾಭವೇ.

ಈಗ ನಿನ್ನ ಕೆಲಸ ಏನು ಅನ್ನೋದು. ನೋಡೋದು, ಕೂಗೋದು, ಬರೆಯೋದು. ಅಷ್ಟೇ. ಹೊಡೆದಾಡೋದು ಅದರಲ್ಲಿಲ್ಲ, ಸಾಯೋದಂತೂ ಇಲ್ಲವೇ ಇಲ್ಲ. ಇದು ನನ್ನ ಮಾತಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಅಂತ 2005ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿತು, ನಮ್ಮೋರು ಪಸಾರಾ ಅಂತಾರಲ್ಲ, ಅದೇ. ಮರುವರ್ಷ ಬಂದ ಮಾದರಿ ನಿಯಮಗಳಲ್ಲಿ ಡ್ಯೂಟಿಯಲ್ಲಿರೋ ಗಾರ್ಡ್ ಮೈಮೇಲೆ ಏನೇನಿರಬೇಕು ಅಂತ ಬರೆದಿದ್ದಾರೆ: ಸೊಂಟದಿಂದ ಮೇಲೆ, ಎದುರಿಗೆ ಕಾಣೋ ಹಾಗೆ ಫೋಟೋ ಇರೋ ಗುರುತಿನ ಚೀಟಿ, ಎಡ ಜೇಬಿನಲ್ಲಿ ದಾರ ಕಟ್ಟಿದ ಸೀಟಿ, ಒಂದು ನೋಟ್‌ಬುಕ್, ಒಂದು ಪೆನ್ನು. ಬಟ್ಟೆ ಕೈಕಾಲು ಆಡಿಸೋಕೆ ಅಡ್ಡಿಯಾಗೋಷ್ಟು ಬಿಗಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು ಅಂತಲೂ ಇದೆ. ದೊಣ್ಣೆ, ಬಂದೂಕು ಆ ಪಟ್ಟಿಯಲ್ಲಿಲ್ಲ. ಸೀಟಿ ಕೂಗೋದಕ್ಕೆ, ನೋಟ್‌ಬುಕ್ ಬರೆಯೋದಕ್ಕೆ.

ಅದೇ ನಿಯಮಗಳಲ್ಲಿ ತರಬೇತಿ ಲೆಕ್ಕವೂ ಇದೆ. ತರಗತಿಯಲ್ಲಿ 100 ಗಂಟೆ, ಹೊರಗೆ ಅಭ್ಯಾಸ 60 ಗಂಟೆ, ಕನಿಷ್ಠ 20 ಕೆಲಸದ ದಿನ. ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ ಎಲ್ಲ ಅದರಲ್ಲಿ ಬರುತ್ತೆ. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಅಂತಲೂ ಇದೆ. ನಿನಗೆ ಒಂದು ಬೆಳಿಗ್ಗೆ ಸೆಲ್ಯೂಟ್ ಹೊಡೆಯೋದು ಹೇಳಿಕೊಟ್ಟು, ಮಧ್ಯಾಹ್ನಕ್ಕೆ ಸೈಟಿಗೆ ಕಳಿಸಿದರು ಅಂದೆಯಲ್ಲ. ಹಾಗಾದರೆ ಉಳಿದದ್ದನ್ನ ನೀನೇ ಕಲಿಯಬೇಕು, ಬೇರೆ ದಾರಿ ಇಲ್ಲ. ಈಗಿರೋ ಸೈಟಿನಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಎಲ್ಲೆಲ್ಲಿ ಇದೆ, ಅದರ ಮುಳ್ಳು ಹಸಿರಲ್ಲಿದೆಯೋ ಇಲ್ಲವೋ ನಾಳೆಯೇ ನೋಡು. ಕರೆಂಟಿನ ಬೆಂಕಿಗೆ ನೀರು ಹಾಕಬಾರದು ಅನ್ನೋದನ್ನ ಮಾತ್ರ ಈಗಲೇ ನೆನಪಲ್ಲಿಟ್ಟುಕೋ.

ಎದೆ ಒಡ್ಡಬೇಡ ಅಂತ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ತುಂಬೋ ಹಣ ತಂದ ಸಿಬ್ಬಂದಿ ಮೇಲೆ, ಹಾಡಹಗಲೇ, ಬ್ಯಾಂಕಿನ ಎದುರಿಗೇ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದರು. ಒಬ್ಬ ಸತ್ತ, ಇನ್ನೊಬ್ಬನಿಗೆ ಗುಂಡೇಟು. ಆ ಸಿಬ್ಬಂದಿಯ ಕೈಯಲ್ಲಿ ಆಯುಧ ಇರಲಿಲ್ಲ. ಅದೇ ವರ್ಷ ನವೆಂಬರ್ 19ಕ್ಕೆ ಬೆಂಗಳೂರಲ್ಲೇ, ರಿಸರ್ವ್ ಬ್ಯಾಂಕಿನ ಅಧಿಕಾರಿಗಳು ಅಂತ ಹೇಳಿಕೊಂಡು ಬಂದವರು ಹಣದ ವಾಹನ ನಿಲ್ಲಿಸಿ 7 ಕೋಟಿಗೂ ಮೇಲೆ ದೋಚಿದರು. ಆ ಪ್ರಕರಣದಲ್ಲಿ ಒಬ್ಬ ಪೊಲೀಸ್ ಪೇದೆಯನ್ನೇ ಬಂಧಿಸಿದರು. ದುಡ್ಡಿಗೆ ಇನ್ಶೂರೆನ್ಸ್ ಇರುತ್ತೆ. ಕಾರಿಗೆ, ಲ್ಯಾಪ್‌ಟಾಪಿಗೆ, ಕಂಪನಿಯ ತಾಮ್ರದ ವೈರಿಗೂ ಇರುತ್ತೆ. ಆಯುಧ ಕಂಡ ತಕ್ಷಣ ದಾರಿ ಬಿಡು, ಮುಖ ನೋಡಿಕೋ, ಗಾಡಿ ನಂಬರ್ ನೋಡಿಕೋ, ದೂರ ಹೋಗಿ 112ಕ್ಕೆ ಫೋನ್ ಮಾಡು. ದೊಡ್ಡ ಅಧಿಕಾರಿ ಅಂತ ಜೋರು ಮಾಡೋನ ಹತ್ತಿರ ಗುರುತಿನ ಚೀಟಿ ಕೇಳು, ಕಂಟ್ರೋಲ್ ರೂಮಿಗೆ ಫೋನ್ ಹಚ್ಚು. ನಿಜವಾದ ಅಧಿಕಾರಿ ಎರಡು ನಿಮಿಷ ಕಾಯ್ತಾನೆ.

ನವೆಂಬರ್ 19 ಅಂದಾಗ ಇನ್ನೊಂದು ನೆನಪಾಯ್ತು. 2013ರಲ್ಲಿ ಅದೇ ತಾರೀಖು ಬೆಳಿಗ್ಗೆ, ಕಾರ್ಪೊರೇಷನ್ ಹತ್ತಿರದ ಎಟಿಎಂನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಮಚ್ಚು ಬೀಸಿದ್ದನ್ನ ದೇಶವೇ ಟೀವಿಯಲ್ಲಿ ನೋಡಿತು. ಅಲ್ಲಿ ಗಾರ್ಡ್ ಇರಲಿಲ್ಲ. ಆಮೇಲೆ ಗಾರ್ಡ್ ಇಲ್ಲದ ಎಟಿಎಂಗಳನ್ನ ಪೊಲೀಸರು ಮುಚ್ಚಿಸಿದರು, ಬ್ಯಾಂಕಿನವರು ಓಡಿಬಂದು ಏಜೆನ್ಸಿಗಳ ಬಾಗಿಲು ತಟ್ಟಿದರು, ಸಿಕ್ಕ ಸಿಕ್ಕ ಹುಡುಗರನ್ನ, ಅರವತ್ತು ದಾಟಿದ ಅಜ್ಜಂದಿರನ್ನ ಗಾಜಿನ ಪೆಟ್ಟಿಗೆಯ ಬಾಗಿಲಿಗೆ ಸ್ಟೂಲ್ ಹಾಕಿ ಕೂರಿಸಿದರು. ಹಣ ತೆಗೆಯೋರಿಗೆ ಧೈರ್ಯ ಬಂತು, ಸರಿ. ರಾತ್ರಿಯೆಲ್ಲ ಒಬ್ಬನೇ ಕೂತವನು ಉಚ್ಚೆಗೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ.

ಇಷ್ಟು ಹೇಳಿದರೂ, ನಮ್ಮ ಕಡೆ ಗಾರ್ಡುಗಳಿಗೆ ಕಳ್ಳರಿಗಿಂತ ಜಾಸ್ತಿ ಅಪಾಯ ಬರೋದು ‘ಸ್ವಲ್ಪ ಇದೊಂದು ನೋಡಪ್ಪ’ ಅನ್ನೋ ಮಾತಿನಿಂದ. ಪಂಪ್ ಆನ್ ಮಾಡು, ಸಂಪ್ ಇಣುಕಿ ನೋಡು, ಜನರೇಟರ್ ಹಾಕು, ಟ್ಯಾಂಕ್ ಹತ್ತು, ಎಸ್‌ಟಿಪಿ ಮೋಟರ್ ಕಟ್ಟಿಕೊಂಡಿದೆ ಸ್ವಲ್ಪ ಇಳಿದು ನೋಡು. ಎಲ್ಲವೂ ಸ್ವಲ್ಪವೇ. ಕೇಳೋರು ಕೆಟ್ಟವರಲ್ಲ. ಪ್ಲಂಬರ್ ಬರೋಕೆ ಎರಡು ಗಂಟೆ, ಗಾರ್ಡ್ ಕಣ್ಣೆದುರಿಗೇ ಇರ್ತಾನೆ, ಅಷ್ಟೇ. ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡೋ ಘಟಕ, ಅದರ ಗುಂಡಿಗೆ ಮಾತ್ರ ಯಾರು ಹೇಳಿದರೂ ಇಳಿಯಬೇಡ. ಸೆಕ್ರೆಟರಿ ಹೇಳಲಿ, ಹಸಿರು ನೋಟು ತೋರಿಸಲಿ, ಕೆಲಸದಿಂದ ತೆಗೀತೀನಿ ಅನ್ನಲಿ. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ ಮೂರು ಜನ ಸತ್ತರು. ಅಲ್ಲಿರೋ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸುತ್ತೆ. ಮೊದಲನೆಯವನು ಬಿದ್ದ ಅಂತ ಎರಡನೆಯವನು ಇಳೀತಾನೆ, ಎರಡನೆಯವನು ಮೇಲೆ ಬರಲಿಲ್ಲ ಅಂತ ಮೂರನೆಯವನು. ಯಾರಾದರೂ ಬಿದ್ದರೆ ಮೇಲೆ ನಿಂತು ಸೀಟಿ ಊದು, ಅಗ್ನಿಶಾಮಕದವರನ್ನ ಕರೆಸು. ಒಳಗೆ ಬಿದ್ದವನು ನಿನ್ನ ಜೊತೆ ಊಟ ಮಾಡಿದವನೇ ಆಗಿರಬಹುದು. ಆಗಲೂ ಇಳಿಯಬೇಡ.

ಮಳೆಗಾಲದ ಬೇಸ್‌ಮೆಂಟೂ ಹಾಗೆಯೇ. ಯಲಹಂಕದ ಕೇಂದ್ರೀಯ ವಿಹಾರದ ಕತೆ ನಿನಗೂ ಗೊತ್ತು. 2021ರ ನವೆಂಬರ್, ಮತ್ತೆ 2024ರ ಅಕ್ಟೋಬರ್, ಕೆರೆ ತುಂಬಿ ಹರಿದ ನೀರು ಅಪಾರ್ಟ್‌ಮೆಂಟಿನೊಳಗೆ ನಿಂತು, ಜನರನ್ನ ದೋಣಿಯಲ್ಲಿ ಸಾಗಿಸಿದರು. ಅಂಥ ಹೊತ್ತಲ್ಲಿ ಮೊದಲು ನೀರಿಗಿಳಿಯೋನು ಗಾರ್ಡೇ. ಕಾರು ತೆಗೆಸಬೇಕು, ಪಂಪ್ ಹಚ್ಚಬೇಕು ಅಂತ ಮೇಲಿನಿಂದ ಫೋನ್ ಮೇಲೆ ಫೋನ್. 2025ರ ಮೇ 19ರಂದು ಬಿಟಿಎಂ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನುಗ್ಗಿದ ಮಳೆ ನೀರನ್ನ ಮೋಟರ್ ಇಟ್ಟು ಹೊರಗೆ ಹಾಕೋಕೆ ಹೋಗಿ ಕರೆಂಟು ಹೊಡೆದು ಇಬ್ಬರು ಸತ್ತರು. ಒಬ್ಬರು 63 ವರ್ಷದ ನಿವಾಸಿ. ಇನ್ನೊಬ್ಬ ಅಲ್ಲೇ ಕೆಲಸಕ್ಕಿದ್ದ ನೇಪಾಳದವನ ಮಗ, 12 ವರ್ಷ.

ಅದಕ್ಕೆ ಹೇಳ್ತೀನಿ, ಬೇಸ್‌ಮೆಂಟಿನಲ್ಲಿ ಪಾದ ಮುಳುಗೋಷ್ಟು ನೀರು ಕಂಡರೆ ಮೆಟ್ಟಿಲ ಮೇಲೇ ನಿಲ್ಲು. ಕೆಳಗೆ ಕತ್ತಲಲ್ಲಿ ಪ್ಯಾನಲ್ ಬೋರ್ಡಿನ ಒಂದು ಕೆಂಪು ದೀಪ ಉರೀತಾ ಇರುತ್ತೆ, ನೀರು ಅದರ ಬಾಗಿಲ ಬುಡಕ್ಕೆ ಮುಟ್ಟಿರುತ್ತೆ, ಎಲ್ಲೋ ಚಾರ್ಜಿಂಗ್ ವೈರೊಂದು ತೇಲ್ತಾ ಇರುತ್ತೆ. ಆ ನೀರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಅನ್ನೋದು ಕಣ್ಣಿಗೆ ಕಾಣಲ್ಲ. ಮೇಲಿನಿಂದಲೇ ಮೇನ್ ಆಫ್ ಮಾಡೋಕೆ ಆದರೆ ಮಾಡಿಸು, ಆಗದಿದ್ದರೆ ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸು. ಕರೆಂಟ್ ಹೋಗಿದೆ ಅಂತ ಖಾತ್ರಿ ಆಗೋ ತನಕ ಯಾರ ಕಾರು ಮುಳುಗಿದರೂ ಮುಳುಗಲಿ. ಮಳೆಯಲ್ಲಿ ಕಬ್ಬಿಣದ ಗೇಟು, ಬೂಮ್ ಬ್ಯಾರಿಯರ್ ಮುಟ್ಟಿದಾಗ ಜುಮ್ ಅಂದರೆ ಅವತ್ತೇ ಬರೆದುಕೊಡು. ‘ಸ್ವಲ್ಪ ಶಾಕ್ ಹೊಡೆಯುತ್ತೆ ಅಷ್ಟೇ’ ಅಂತ ನಗಾಡೋ ಗೇಟು ನಾಳೆ ಒಬ್ಬನನ್ನ ಹಿಡ್ಕೊಳ್ಳುತ್ತೆ.

ಬರೆಯೋದು ಅಂದೆನಲ್ಲ, ಅದು ಹೇಗೆ ಅಂತಲೂ ಹೇಳ್ತೀನಿ. ತಾರೀಖು, ಹೊತ್ತು, ಏನು ಕಂಡೆ, ಯಾರಿಗೆ ಹೇಳಿದೆ, ಅವರೇನಂದರು. ನಾಲ್ಕು ಸಾಲು ಸಾಕು. ‘ರಾತ್ರಿ 11-20, ಬಿ ಬ್ಲಾಕ್ ಬೇಸ್‌ಮೆಂಟ್ ಲೈಟ್ ಕಂಬದಲ್ಲಿ ಶಾಕ್, ಸೂಪರ್‌ವೈಸರ್‌ಗೆ ಫೋನ್ ಮಾಡಿದೆ, ನಾಳೆ ನೋಡೋಣ ಅಂದರು.’ ಇದನ್ನ ಗೇಟಿನ ರಿಜಿಸ್ಟರಿನಲ್ಲೂ ಬರೆ, ನಿನ್ನ ಜೇಬಿನ ಪುಸ್ತಕದಲ್ಲೂ ಬರೆ, ರಿಜಿಸ್ಟರ್ ಹಾಳೆಯ ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕು. ರಿಜಿಸ್ಟರ್ ಕಳೆದುಹೋಗೋದು ಉಂಟು, ಅದರಲ್ಲೂ ಅನಾಹುತ ಆದ ಮಾರನೇ ದಿನ. ನಿವಾಸಿಗಳು ಬೈದರೂ ಇದೇ ಮದ್ದು. ಗೇಟು ತೆಗೆಯೋದು ಅರ್ಧ ನಿಮಿಷ ತಡ ಆಯ್ತು ಅಂತ ಅಮ್ಮ ಅಕ್ಕ ಅಂತ ಎತ್ತಾಡೋರು ಸಿಗ್ತಾರೆ. ತಿರುಗಿ ಬೈಯಬೇಡ, ಕೈ ಎತ್ತಬೇಡ. ಗಾಡಿ ನಂಬರ್, ಹೊತ್ತು, ಆಡಿದ ಮಾತು ಹಾಗೇ ಬರೆದಿಡು. ಕೈ ಮಾಡಿದರೆ ಅದು ಪೊಲೀಸ್ ಕೇಸು, ಕಮಿಟಿ ಪಂಚಾಯ್ತಿ ಅಲ್ಲ.

ಬಾಗಿಲಿನ ವಿಷಯ ಒಂದು ಇದೆ, ಅದು ಪೂರ್ತಿ ನಿನ್ನ ಕೈಯಲ್ಲೇ ಇರೋದು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ತಪ್ಪಿಸಿಕೊಳ್ಳೋ ಬಾಗಿಲುಗಳಿಗೆ ಬೀಗ ಇತ್ತು. ಮೆಟ್ಟಿಲ ಬಾಗಿಲಿಗೆ, ಟೆರೇಸಿಗೆ ಬೀಗ ಹಾಕು ಅಂತ ನಿನಗೂ ಹೇಳ್ತಾರೆ, ಹುಡುಗರು ಸಿಗರೇಟ್ ಸೇದ್ತಾರೆ ಅಂತ ಕಾರಣ ಕೊಡ್ತಾರೆ. ಬೀಗದ ಕೈ ಯಾರ ಹತ್ತಿರ ಇತ್ತು ಅಂತ ಆಮೇಲೆ ಕೇಳುವಾಗ ಬೆರಳು ತೋರಿಸೋದು ನಿನ್ನ ಕಡೆಗೇ. ಬೀಗ ಹಾಕಲ್ಲ ಅಂತ ಹೇಳೋಕೆ ಆಗದಿದ್ದರೆ, ಹಾಕು ಅಂತ ಹೇಳಿದವರ ಹೆಸರು ಪುಸ್ತಕದಲ್ಲಿರಲಿ, ಬೀಗದ ಕೈ ಗೇಟಿನ ಗೂಟದಲ್ಲೇ ನೇತಾಡಲಿ. ಇನ್ನು ಪಾರ್ಕಿಂಗ್ ಡ್ಯೂಟಿ ಬಿದ್ದರೆ ಒಣ ಹುಲ್ಲನ್ನ ನೋಡು. 2019ರಲ್ಲಿ, ಅದೂ ಫೆಬ್ರವರಿ 23ನೇ ತಾರೀಖೇ, ನಮ್ಮ ಯಲಹಂಕದ ಏರೋ ಇಂಡಿಯಾದಲ್ಲಿ ಪಾರ್ಕಿಂಗ್ ಬಯಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟುಹೋದವು. ಯಾರ ಪ್ರಾಣವೂ ಹೋಗಲಿಲ್ಲ.

ಚಳಿಗೆ ಬರ್ತೀನಿ. ಡಿಸೆಂಬರ್, ಜನವರಿಯಲ್ಲಿ ಜಕ್ಕೂರು, ಕೋಗಿಲು ಕಡೆ ರಾತ್ರಿ ಮೂರರ ಮೇಲೆ ಮೂಳೆ ಕೊರೆಯುತ್ತೆ. ರಟ್ಟು, ಕಟ್ಟಿಗೆ ಒಟ್ಟಿ ಹೊರಗೆ ಬೆಂಕಿ ಕಾಯಿಸೋದಕ್ಕೆ ಅಡ್ಡಿಯಿಲ್ಲ. ಆದರೆ ಕೆಂಡದ ಬಾಣಲೆ ಕ್ಯಾಬಿನ್ ಒಳಗೆ ತಂದು ಬಾಗಿಲು ಹಾಕ್ಕೊಂಡರೆ ಬೆಳಿಗ್ಗೆ ಎಬ್ಬಿಸೋಕೆ ಬಂದವರು ಪೊಲೀಸರಿಗೆ ಫೋನ್ ಮಾಡಬೇಕಾಗುತ್ತೆ. ಇದ್ದಿಲಿನಿಂದ ಬರೋ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ; ಮೊದಲು ತಲೆಭಾರ, ಆಮೇಲೆ ನಿದ್ದೆ, ಅಷ್ಟೇ. 2023ರ ಸೆಪ್ಟೆಂಬರಲ್ಲಿ ನಮ್ಮ ದೊಡ್ಡಬಳ್ಳಾಪುರದ ಹತ್ತಿರ ಕೋಳಿ ಫಾರಂ ಶೆಡ್ಡಿನಲ್ಲಿ ಮಲಗಿದ್ದ ನಾಲ್ಕು ಜನ ಏಳಲೇ ಇಲ್ಲ. ಹೊಗೆಗೆ ಉಸಿರುಕಟ್ಟಿರಬೇಕು ಅಂತ ಪೊಲೀಸರು ಶಂಕಿಸಿದರು. ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೋ, ಕಿವಿಗೆ ಮಫ್ಲರ್ ಕಟ್ಟು. ಯೂನಿಫಾರ್ಮ್ ಕಾಣಲ್ಲ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ಬಿಸಿಲೂ ಈಗ ಮೊದಲಿನ ಹಾಗಿಲ್ಲ. 2024ರ ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ. ಗೇಟಿನ ಹತ್ತಿರ ಟಾರು, ಕಾಂಕ್ರೀಟು, ಮೇಲೆ ತಗಡಿನ ಮಾಡು. ನೀರು ಕುಡೀತಾ ಇರು. ಕುಡಿಯದೇ ಇರೋದಕ್ಕೆ ಕಾರಣ ನನಗೆ ಗೊತ್ತು: ಹೋಗೋಕೆ ಜಾಗ ಇಲ್ಲ. ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ನೂರಾರು ಬಚ್ಚಲು, ಗಾರ್ಡ್‌ಗೆ ಒಂದಿಲ್ಲ. ಉಚ್ಚೆ ಕಟ್ಟಿ ಕಟ್ಟಿ ಮೂತ್ರದ ಸೋಂಕು, ನೀರು ಕುಡಿಯದೆ ಕಲ್ಲು. ನಮ್ಮಲ್ಲಿ ಕೆಲಸಕ್ಕೆ ಬರೋ ಹೆಣ್ಣುಮಕ್ಕಳ ಪಾಡು ಇದರ ಹತ್ತರಷ್ಟು. ಗುತ್ತಿಗೆಯ ಮೇಲೆ ಬಂದವರಿಗೆ ನೀರು, ಶೌಚಾಲಯ ಕೊಡಬೇಕಾದ ಹೊಣೆ ಮುಖ್ಯ ಮಾಲೀಕನದು, ಅಂದರೆ ಏಜೆನ್ಸಿಗಿಂತ ಮೊದಲು ಆ ಕಟ್ಟಡದವರದು. ಹೊಸ ಸೈಟಿಗೆ ಹೋದಾಗ ಸಂಬಳ ಎಷ್ಟು ಅಂತ ಕೇಳಿದ ಮೇಲೆ, ಶೌಚಾಲಯ ಎಲ್ಲಿ ಅಂತ ಕೇಳು.

ಡಬಲ್ ಡ್ಯೂಟಿ ಬಗ್ಗೆ ನಿನ್ನ ಜೊತೆ ಜಗಳ ಆಗುತ್ತೆ ಅಂತ ಗೊತ್ತು. ಊರಲ್ಲಿ ಬೋರ್‌ವೆಲ್ ಸಾಲ ಇದೆ, ರಿಲೀವರ್ ಬರಲಿಲ್ಲ, ಇಪ್ಪತ್ತನಾಲ್ಕು ಗಂಟೆ ನಿಂತರೆ ಎರಡು ಹಾಜರಿ. ಯಾವಾಗಲೋ ಒಮ್ಮೆ ಆದರೆ ಬೇಡ ಅನ್ನಲ್ಲ. ವಾರಕ್ಕೆ ಮೂರು ಸಲ ಮಾಡಿದರೆ ಬಿಪಿ, ಸಕ್ಕರೆ ಎರಡೂ ಮೂವತ್ತೈದಕ್ಕೆ ಮುಂಚೆ ಬರುತ್ತೆ. ದೇಹದ ಗಡಿಯಾರ ಕೆಡಿಸೋ ರಾತ್ರಿ ಪಾಳಿಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ, ಕ್ಯಾನ್ಸರ್ ತರೋ ಸಂಭವ ಇರೋವುಗಳ ಪಟ್ಟಿಗೆ ಸೇರಿಸಿದೆ. ಇನ್ನೊಂದು ಮಾತು: ಆ ಎರಡನೇ ಹಾಜರಿ ಒಟಿ. ದಿನದ ಲೆಕ್ಕ ಎಂಟು ಗಂಟೆ, ಅದರ ಮೇಲಿನದಕ್ಕೆ ದುಪ್ಪಟ್ಟು ಕೊಡಬೇಕು. ನಿನಗೆ ಒಂದರಷ್ಟೇ ಕೊಟ್ಟು ಉಪಕಾರ ಮಾಡಿದ ಹಾಗೆ ಮಾತಾಡ್ತಾರೆ. ಹಗಲು ಮಲಗೋ ರೂಮಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟು, ಫೋನ್ ಸೈಲೆಂಟ್ ಮಾಡು. ರಾತ್ರಿ ಎರಡು ಗಂಟೆಗೆ ಬೋಂಡ, ಟೀ, ಗುಟ್ಕಾ ಬೇಡ. ಹತ್ತಕ್ಕೆ ಮುದ್ದೆ ಉಂಡುಬಿಡು, ನಡುರಾತ್ರಿ ಹಸಿವಾದರೆ ಕಡಲೆಕಾಯಿ, ಬಾಳೆಹಣ್ಣು. ನೈಟ್ ಮುಗಿಸಿ ಬೈಕ್ ಓಡಿಸಬೇಡ. ಹೆಬ್ಬಾಳ ಫ್ಲೈಓವರ್ ಮೇಲೆ ಬೆಳಿಗ್ಗೆ ಏಳಕ್ಕೆ ಏರ್‌ಪೋರ್ಟ್ ಕಡೆ ನುಗ್ಗೋ ಗಾಡಿಗಳ ಮಧ್ಯೆ ಕಣ್ಣು ಒಂದು ಸಲ ಮುಚ್ಚಿದರೆ ಸಾಕು. ಬಸ್ಸು ಹಿಡಿ, ಕಂಡಕ್ಟರ್‌ಗೆ ಸ್ಟಾಪ್ ಹೇಳಿ ಮಲಕ್ಕೋ.

ದಾರಿಯಲ್ಲಿ ಏನಾದರೂ ಆದರೂ ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ ಕೆಲಸದಲ್ಲಿ ಆದ ಗಾಯ ಅಂತಲೇ ಲೆಕ್ಕ. ಅಂಥ ಗಾಯಕ್ಕೆ ದುಡಿಯೋಕೆ ಆಗದಷ್ಟು ದಿನ ಸಂಬಳದ 90 ಪರ್ಸೆಂಟ್ ಬರುತ್ತೆ. ಕಾಯಿಲೆಗಾದರೆ 70 ಪರ್ಸೆಂಟ್, ವರ್ಷಕ್ಕೆ 91 ದಿನದ ತನಕ. ನಿನ್ನ ಸಂಬಳದಲ್ಲಿ ಹಿಡಿಯೋದು ನೂರಕ್ಕೆ ಮುಕ್ಕಾಲು ರೂಪಾಯಿ, ಏಜೆನ್ಸಿ ಹಾಕಬೇಕಾದ್ದು ಮೂರೂಕಾಲು. ಒಟಿ ಸೇರಿಸಿ 21,000 ದಾಟಿತು, ನಿನಗೆ ಇಎಸ್‌ಐ ಇಲ್ಲ ಅಂತ ಹೇಳಿದರೆ ನಂಬಬೇಡ. ಆ ಮಿತಿಗೆ ಒಟಿ ಲೆಕ್ಕಕ್ಕೆ ಬರಲ್ಲ. ಬಿದ್ದು ಪೆಟ್ಟಾದ ದಿನವೇ ಅಪಘಾತದ ವರದಿ ಕಳಿಸೋ ಹಾಗೆ ಏಜೆನ್ಸಿಯ ಬೆನ್ನು ಹತ್ತು. ‘ಮೊದಲು ಗುಣವಾಗು, ಆಮೇಲೆ ನೋಡೋಣ’ ಅನ್ನೋದು ಪ್ರೀತಿಯ ಮಾತಲ್ಲ. ಇನ್ನು, ನೇಮಕಾತಿ ಪತ್ರ ಕೊಟ್ಟಿಲ್ಲ ಅಂದೆಯಲ್ಲ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಮೆಸೇಜ್ ಹಾಕಿ ಕೇಳು, ಬಾಯಲ್ಲಿ ಕೇಳಬೇಡ.

ಬರೋ ವಾರದ ರಜೆ ಯಾವತ್ತು ಅಂತ ಹೇಳು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿ ಏನೇನಿದೆಯೋ ಎಲ್ಲ ತಗೊಂಡು ಯಶವಂತಪುರ ಮೆಟ್ರೋ ಹತ್ತಿರ ಬಾ, ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋಗಿ ವಿಚಾರಿಸೋಣ. ನಿನ್ನ ಹೆಸರಲ್ಲಿ ನಂಬರ್ ಆಗಿದ್ದರೆ ನಿಮ್ಮಮ್ಮನ ಹೆಸರನ್ನೂ ಅದರಲ್ಲಿ ಸೇರಿಸಬೇಕು; ಮಗನ ದುಡಿಮೆ ಮೇಲಿರೋ ತಾಯಿಗೂ ಔಷಧಿ ಸಿಗುತ್ತೆ, ಅವಳ ಸಕ್ಕರೆ ಮಾತ್ರೆಗೆ ಮೆಡಿಕಲ್ ಶಾಪಿಗೆ ಸುರಿಯೋದು ನಿಲ್ಲುತ್ತೆ. ನಂಬರ್ ಆಗಿಲ್ಲದಿದ್ದರೆ, ಏಳು ತಿಂಗಳಿಂದ ನಿನ್ನ ಸಂಬಳದಲ್ಲಿ ಹಿಡಿದದ್ದು ಎಲ್ಲಿಗೆ ಹೋಯ್ತು ಅಂತ ಏಜೆನ್ಸಿಯವರನ್ನ ಕೇಳೋ ಪತ್ರ ಬರೆಯೋಣ. ಎರಡು ಪ್ರತಿ ಮಾಡೋಣ, ಒಂದರ ಮೇಲೆ ಅವರ ಸೀಲ್ ಹಾಕಿಸಿಕೋ.